ಲಿಸ್ಬನ್ನಿನ ಮನೆಯಲ್ಲಿ ನೋಡಿ ಹೋಲಿಸಿದ ವಾಹಿನಿಗಳು: ಮಕ್ಕಳಿಗೆ ಯಾವುದು, ಆಟಕ್ಕೆ ಯಾವುದು?

ಧಾರವಾಡದಿಂದ ಲಿಸ್ಬನ್ನಿಗೆ ಬಂದ ಮೊದಲ ಚಳಿಗಾಲದಲ್ಲಿ ನಾಲ್ಕು ವರ್ಷದ ಮಗಳಿಗೂ ನನಗೂ ಪೋರ್ಚುಗೀಸ್ ಭಾಷೆ ಕಿವಿಗೆ ಹತ್ತುತ್ತಿರಲಿಲ್ಲ. ಇಲ್ಲಿನವರು ಮಾತಿನ ಓಟದಲ್ಲಿ ಸ್ವರಗಳನ್ನು ಅರ್ಧಕ್ಕರ್ಧ ನುಂಗುವುದರಿಂದ, ಪುಸ್ತಕದಲ್ಲಿ ಕಲಿತ ಪದವೇ ಬೀದಿಯಲ್ಲಿ ಬೇರೆಯಾಗಿ ಕೇಳಿಸುತ್ತದೆ. ಆದ್ದರಿಂದ ಭಾಷೆ ಕಲಿಯಲು ಯಾವ ವಾಹಿನಿ ಹೆಚ್ಚು ನೆರವಾಗುತ್ತದೆ ಎಂಬ ಒಂದೇ ದೃಷ್ಟಿಯಿಂದ ಒಂದು ವರ್ಷ ವಾಹಿನಿಗಳನ್ನು ಹೋಲಿಸಿ ನೋಡಿದೆವು.

ಪೋರ್ಚುಗಲ್‌ನಲ್ಲಿ ದೊಡ್ಡವರ ವಿದೇಶಿ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಸಬ್‌ಟೈಟಲ್ ಮಾತ್ರ ಇರುತ್ತದೆ. ಓದಲು ಬಾರದ ಮಕ್ಕಳ ಕಾರ್ಯಕ್ರಮಗಳಿಗಾದರೋ ಡಬ್ಬಿಂಗ್ ಮಾಡುತ್ತಾರೆ. ಡಬ್ಬಿಂಗ್ ಕಲಾವಿದರ ಉಚ್ಚಾರಣೆ ಸ್ಪಷ್ಟವಾಗಿರುವುದರಿಂದ, ಹೊಸದಾಗಿ ಬಂದ ವಯಸ್ಕರಿಗೂ ಮಕ್ಕಳ ವಾಹಿನಿಯೇ ಒಳ್ಳೆಯ ಶಾಲೆ ಎಂಬುದು ನನ್ನ ಅನುಭವ. 1996ರಲ್ಲಿ ಆರಂಭವಾದ ಕನಾಲ್ ಪಾಂಡಾ ದಿನವಿಡೀ ಮಕ್ಕಳಿಗೇ ಮೀಸಲು. ಅದರ ಹಾಡುಗಳಿಂದ ಮಗಳು ಬಣ್ಣ, ಎಣಿಕೆ, ವಾರದ ದಿನಗಳನ್ನು ಬೇಗ ಕಲಿತಳು. ಆದರೆ ಅದು ಖಾಸಗಿ ವಾಹಿನಿಯಾದ್ದರಿಂದ ನಡುನಡುವೆ ಜಾಹೀರಾತುಗಳಿರುತ್ತವೆ. ಸಾರ್ವಜನಿಕ ವಾಹಿನಿಯಾದ ಆರ್‌ಟಿಪಿ 2ರ 'ಜಿಗ್ ಜಾಗ್' ಮಕ್ಕಳ ವಿಭಾಗಕ್ಕೆ ವಾಣಿಜ್ಯ ಜಾಹೀರಾತಿನ ಗೊಡವೆಯಿಲ್ಲ. ವಿದ್ಯುತ್ ಬಿಲ್ಲಿನೊಂದಿಗೆ ಪ್ರತಿ ತಿಂಗಳು ತೆರುವ 2.85 ಯೂರೋ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಆರ್‌ಟಿಪಿಯ ಮುಖ್ಯ ಆಧಾರ. ಈ ವಿಭಾಗ ನಿಗದಿತ ಹೊತ್ತಿನಲ್ಲಿ ಮಾತ್ರ ಬರುತ್ತದೆ. ಕೆಲವರಿಗೆ ಇದು ಕೊರತೆಯಾಗಿ ಕಾಣಬಹುದು, ನನಗೆ ಇದೇ ಗುಣವಾಗಿ ಕಂಡಿತು: ಕಾರ್ಯಕ್ರಮ ಮುಗಿದ ಕೂಡಲೇ ಮಗು ತಾನಾಗಿ ಎದ್ದು ಆಡಲು ಹೋಗುತ್ತಾಳೆ. ಶಾಲೆಯ ದಿನಗಳಿಗೆ ಜಿಗ್ ಜಾಗ್ ಅನ್ನೇ ಉಳಿಸಿಕೊಂಡೆವು.

ಕೀಲಿಗೆ ಇವರು 'ಶಾವ್' ಎನ್ನುವುದನ್ನೂ ಆಲೂಗಡ್ಡೆಗೆ 'ಬತಾತ' ಎನ್ನುವುದನ್ನೂ ಕೇಳಿದಾಗ, ನಮ್ಮ ಕಡೆಯ ಚಾವಿ, ಬಟಾಟೆಗಳ ಮೂಲ ಕಿವಿಗೇ ಬಿದ್ದಂತಾಗಿ ಬಹಳ ಸಂತೋಷವಾಯಿತು.

ಬ್ರೆಜಿಲ್‌ನ ವೀಡಿಯೊಗಳನ್ನೂ ಅಂತರ್ಜಾಲದಲ್ಲಿ ಕೆಲವು ವಾರ ತೋರಿಸಿದೆ. ಅಲ್ಲಿನ ಸ್ವರಗಳು ತೆರೆದುಕೊಂಡಿರುವುದರಿಂದ ಅರ್ಥವಾಗುವುದು ನಿಜಕ್ಕೂ ಸುಲಭ. ಆದರೆ ಮಗಳು ಬಸ್ಸಿಗೆ ಬ್ರೆಜಿಲ್‌ನ 'ಓನಿಬುಸ್' ಎನ್ನತೊಡಗಿದಳು. ಶಾಲೆಯಲ್ಲಿ ಅದು 'ಔತೊಕಾರ್ರು'. ಎರಡೂ ಸರಿಯಾದ ಪೋರ್ಚುಗೀಸೇ ಆದರೂ, ಎಳೆಯ ಮಗುವಿಗೆ ಸುತ್ತಲಿನವರ ಮಾತು ಮೊದಲು ಗಟ್ಟಿಯಾಗಲಿ ಎಂದು ಅವುಗಳನ್ನು ನಿಲ್ಲಿಸಿದೆ.

ಕ್ರೀಡೆಯಲ್ಲಿ ಹೋಲಿಕೆ ಹಣದಿಂದಲೇ ಶುರುವಾಗುತ್ತದೆ. 1998ರಿಂದ ಇರುವ ಸ್ಪೋರ್ಟ್ ಟಿವಿಗೆ ಪ್ರತ್ಯೇಕ ಚಂದಾ ಬೇಕು. ದೇಶದ ಮೊದಲ ದರ್ಜೆಯ ಫುಟ್‌ಬಾಲ್ ಲೀಗ್‌ನ ಬಹುಪಾಲು ಪಂದ್ಯಗಳು ಅಲ್ಲಿವೆ. ಆದರೆ ಬೆನ್ಫಿಕಾ ತಂಡ 2013ರಿಂದ ತನ್ನ ತವರಿನ ಲೀಗ್ ಪಂದ್ಯಗಳನ್ನು ಸ್ವಂತ ವಾಹಿನಿ ಬಿಟಿವಿಯಲ್ಲಿ ತೋರಿಸುತ್ತ ಬಂದಿದೆ; ಎಲ್ಲವನ್ನೂ ನೋಡಬೇಕೆನ್ನುವವರು ಎರಡು ಕಡೆ ಹಣ ಕಟ್ಟಬೇಕು. ಫುಟ್‌ಬಾಲ್ ಒಕ್ಕೂಟವೇ 2019ರಲ್ಲಿ ಆರಂಭಿಸಿದ ಕನಾಲ್ 11 ನಮ್ಮ ಮೂಲ ಪ್ಯಾಕೇಜಿನಲ್ಲೇ ಬರುತ್ತದೆ. ಮಹಿಳೆಯರ ಫುಟ್‌ಬಾಲ್, ಫುಟ್ಸಾಲ್ (ಒಳಾಂಗಣದಲ್ಲಿ ಐದೈದು ಮಂದಿ ಆಡುವ ಫುಟ್‌ಬಾಲ್), ಕೆಳ ದರ್ಜೆಯ ಲೀಗ್‌ಗಳು ಅದರ ಬಂಡವಾಳ.

ಆಟದ ಮಟ್ಟ ನೋಡಿದರೆ ಸ್ಪೋರ್ಟ್ ಟಿವಿಗೆ ಸಾಟಿಯಿಲ್ಲ. ಸ್ಪೋರ್ಟಿಂಗ್ ಮತ್ತು ಪೋರ್ತು ತಂಡಗಳು ಎದುರಾದ ರಾತ್ರಿ ನಾನು ಬೇರೆಡೆ ತಿರುಗಲಾರೆ. ಭಾಷೆಯ ಮಟ್ಟಿಗೆ ಮಾತ್ರ ಕನಾಲ್ 11 ಮೇಲೆನಿಸಿತು. ಸಣ್ಣ ಮೈದಾನಗಳಲ್ಲಿ ಜನರ ಗದ್ದಲ ಕಡಿಮೆಯಿರುವುದರಿಂದ ವೀಕ್ಷಕ ವಿವರಣೆ ಬಿಡಿಬಿಡಿಯಾಗಿ ಕೇಳಿಸುತ್ತದೆ, ತರಬೇತುದಾರರು ಅಂಚಿನಲ್ಲಿ ನಿಂತು ಕೂಗುವುದೂ ಕಿವಿಗೆ ಬೀಳುತ್ತದೆ. ರೆಫರಿಗೆ 'ಆರ್ಬಿತ್ರು', ಆಫ್‌ಸೈಡಿಗೆ 'ಫೋರಾ ದ ಜೋಗು' ಎಂಬ ಪದಗಳು ನನಗೆ ಬಂದದ್ದು ಹೀಗೆ. ಮುಂದಿನ ಋತುವಿಗೆ ಚಂದಾ ನವೀಕರಿಸದೆ, ದೊಡ್ಡ ಪಂದ್ಯಗಳನ್ನು ಕೆಳಗಿನ ಕಾಫಿ ಅಂಗಡಿಯಲ್ಲೇ ನೋಡಲು ನಿರ್ಧರಿಸಿದ್ದೇನೆ. ಅಲ್ಲಿ ವಿವರಣೆಗಾರನ ಮಾತು ಅರ್ಥವಾಗದಿದ್ದರೆ ಪಕ್ಕದ ಮೇಜಿನ ಹಿರಿಯರು ನಿಧಾನವಾಗಿ ಮತ್ತೊಮ್ಮೆ ಹೇಳುತ್ತಾರೆ.