ಥಾಯ್ ಹೆಂಡ್ತಿ, ಹಳದಿ ಪುಸ್ತಕ, 22 ಸಾವಿರ ಬಾತ್: ಒಂದು ಡಾಕ್ಯುಮೆಂಟ್ ಏಜೆನ್ಸಿ ರಿವ್ಯೂ

ಐದಕ್ಕೆ ಮೂರು ಸ್ಟಾರ್. ಮೂರೂವರೆ ಕೊಡೋಣ ಅಂತಿದ್ದೆ, ಅರ್ಧ ಯಾಕೆ ಕಟ್ ಆಯ್ತು ಅಂತ ಮುಂದೆ ಗೊತ್ತಾಗುತ್ತೆ. ಏಜೆನ್ಸಿ ಹೆಸರು ಹಾಕಲ್ಲ, ಇದೇ ಊರಲ್ಲಿ ನಾನು ಇನ್ನೂ ಬಾಳ್ವೆ ಮಾಡ್ಬೇಕು, ಜೊತೆಗೆ ಥಾಯ್ಲೆಂಡಲ್ಲಿ ಮಾನನಷ್ಟ ಅನ್ನೋದು ಕ್ರಿಮಿನಲ್ ಕೇಸು, ರಿವ್ಯೂ ಬರೆದು ಸ್ಟೇಷನ್ ಮೆಟ್ಟಿಲು ಹತ್ತೋ ಆಸೆ ನಂಗಿಲ್ಲ.

ನಾನಿರೋದು ಇಸಾನ್ ಕಡೆ, ಅಂದ್ರೆ ಈಶಾನ್ಯ ಥಾಯ್ಲೆಂಡ್, ಹೆಸರೇ ನಮ್ಮ ಈಶಾನ್ಯದಿಂದ ಬಂದಿರೋದು. ಸ್ಕೂಲಲ್ಲಿ ಮ್ಯಾಥ್ಸ್ ಹೇಳ್ಕೊಡ್ತೀನಿ, ಮನೆಯವಳು ಇಲ್ಲಿಯವಳೇ, ಬಸ್‌ಸ್ಟ್ಯಾಂಡ್ ಹತ್ರ ನೂಡಲ್ಸ್ ಅಂಗಡಿ ನಡೆಸ್ತಾಳೆ. ಮದುವೆ ಆಗಿ ಆರು ವರ್ಷ. ಹೋದ ವರ್ಷ ಅವಳು ಅಂಗಡಿ ದುಡಿಮೆಯಲ್ಲಿ ಕೂಡಿಟ್ಟ ದುಡ್ಡಲ್ಲಿ ಒಂದು ನ್ಗಾನ್ ಜಾಗ ತಗೊಂಡ್ಳು. ಒಂದು ನ್ಗಾನ್ ಅಂದ್ರೆ ನೂರು ಚದರ ವಾ, 400 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ರ ಹತ್ರ ನಾಲ್ಕು ಗುಂಟೆ. ನಾಲ್ಕು ನ್ಗಾನ್ ಸೇರಿದ್ರೆ ಒಂದು ರೈ. ಊರಿಂದ ಅಣ್ಣ ಫೋನ್ ಮಾಡಿ "ಥರ್ಟಿ ಫಾರ್ಟಿ ಸೈಟಾ ಏನೋ" ಅಂದ, ಲೆಕ್ಕ ಹಾಕಿ ಹೇಳ್ದೆ, ಅಂಥದ್ದು ಮೂರೂವರೆ ಬರುತ್ತೆ ಅಂತ, ಆಮೇಲೆ ಒಂದು ವಾರ ನಮ್ಮನೆಯಲ್ಲಿ ನಾನೇ ದೊಡ್ಡ ಸಾಹುಕಾರ. ಜಾಗ ನನ್ನ ಹೆಸರಲ್ಲಿ ಇಲ್ಲ ಅಂತ ಹೇಳೋಕೆ ಇನ್ನೂ ಧೈರ್ಯ ಬಂದಿಲ್ಲ ಅಷ್ಟೇ.

ಹೌದು, ವಿದೇಶಿಯರ ಹೆಸರಲ್ಲಿ ಇಲ್ಲಿ ಜಮೀನು ಆಗಲ್ಲ. 1954ರ ಲ್ಯಾಂಡ್ ಕೋಡ್. 4 ಕೋಟಿ ಬಾತ್ ಹೂಡಿಕೆ ಮಾಡಿದವ್ರಿಗೆ ಒಂದು ರೈ ತನಕ ಒಂದು ದಾರಿ ಇದೆ, ಅದು ಸ್ಕೂಲ್ ಮೇಷ್ಟ್ರ ಮಾತಲ್ಲ ಬಿಡಿ. ಕಾಂಡೋ ಆದ್ರೆ ತಗೋಬಹುದು, ಇಡೀ ಬಿಲ್ಡಿಂಗಿನ 49 ಪರ್ಸೆಂಟ್ ಒಳಗೆ. ನಾನಂತೂ ಇದಕ್ಕೆ ಬೈಯಲ್ಲ, ನಮ್ಮ ಕರ್ನಾಟಕದಲ್ಲೇ 2020ರ ತಿದ್ದುಪಡಿ ಬರೋ ತನಕ ರೈತ ಅಲ್ದೋರು ಹೊಲ ತಗೊಳ್ಳಂಗಿರ್ಲಿಲ್ಲ, ಅವರ ನೆಲ ಅವರಿಷ್ಟ.

ಏಜೆನ್ಸಿಗೆ ಕೊಟ್ಟಿದ್ದು ಮೂರು ಕೆಲಸ. ಒಂದು, ಹೆಂಡ್ತಿ ಹೆಸರಿಗೆ ಜಾಗ ರಿಜಿಸ್ಟರ್ ಆಗೋವಾಗ ಜೊತೆಗೆ ಬರೋದು. ಎರಡು, ನಂಗೆ ಹಳದಿ ತಬಿಯನ್ ಬಾನ್, ಅಂದ್ರೆ ಮನೇಲಿ ವಾಸ ಇರೋದನ್ನ ತೋರಿಸೋ ಪುಸ್ತಕ, ಮಾಡಿಸೋದು. ಮೂರು, ಆ ಜಾಗದ ಮೇಲೆ ನನ್ನ ಹೆಸರಲ್ಲಿ ಅನುಭೋಗದ ಹಕ್ಕು, ಅಂದ್ರೆ ಒಡೆತನ ಇಲ್ದೆ ಜಾಗ ಬಳಸ್ಕೊಳ್ಳೋ ಹಕ್ಕು, ಬರೆಸೋದು. ಒಟ್ಟು 22,000 ಬಾತ್ ಅಂದ್ರು, ಅರ್ಧ ಅಡ್ವಾನ್ಸ್.

ಮೊದಲನೇ ಕೆಲಸ ಚೆನ್ನಾಗಿ ಮಾಡಿದ್ರು, ಅದನ್ನ ಒಪ್ಕೋಬೇಕು. ಜಾಗ ನೋಡೋ ಹಂತದಲ್ಲೇ ಒಂದು ಡೀಲ್ ಬೇಡ ಅಂತ ತಡೆದ್ರು, ರೇಟ್ ಕಮ್ಮಿ ಇತ್ತು, ಅತ್ತೆಗೆ ಇಷ್ಟಾನೂ ಆಗಿತ್ತು, ಪೇಪರ್ ನೋಡಿದ್ರೆ ಸೋ ಪೋ ಕೋ. ಅದು ಸರ್ಕಾರ ಬಡ ರೈತರಿಗೆ ಉಳುಮೆಗೆ ಅಂತ ಕೊಟ್ಟಿರೋ ಜಮೀನು, ನಮ್ಮ ದರಖಾಸ್ತು ಜಮೀನು ಇದ್ದಂಗೆ, ಅದನ್ನ ಮಾರಂಗಿಲ್ಲ, ಊರೋರು ಕೈಚೀಟಿ ಬರ್ಕೊಂಡು ಮಾರ್ತಾನೇ ಇರ್ತಾರೆ. ಇಸಾನಲ್ಲಿ ಇಂಥದ್ದು ಬೇಕಾದಷ್ಟಿದೆ. ಬೇಕಿರೋದು ಚನೋಟ್, ಅಂದ್ರೆ ಪೂರ್ತಿ ಒಡೆತನದ ಪತ್ರ. ದಪ್ಪ ಹಾಳೆ, ಮೇಲುಗಡೆ ಕೆಂಪು ಗರುಡ, ನಮ್ಮಲ್ಲಿ ಗಂಡಭೇರುಂಡ ಹೊಡೆದಂಗೆ ಇಲ್ಲಿ ಎಲ್ಲದಕ್ಕೂ ಗರುಡ. ಗರುಡ ಹಸಿರಿದ್ರೆ ಒಂದು ಮೆಟ್ಟಿಲು ಕೆಳಗೆ, ಕಪ್ಪಿದ್ರೆ ಇನ್ನೂ ಕೆಳಗೆ. ಈ ಬಣ್ಣದ ಲೆಕ್ಕ ತಲೆಯಲ್ಲಿ ಇಟ್ಕೊಂಡ್ರೆ ಅರ್ಧ ಮೋಸ ತಪ್ಪುತ್ತೆ.

ಲ್ಯಾಂಡ್ ಆಫೀಸಲ್ಲಿ ರಿಜಿಸ್ಟ್ರೇಷನ್ ದಿನ ನಾನು ಹೋಗ್ಲೇಬೇಕಿತ್ತು. ಯಾಕಂದ್ರೆ ಥಾಯ್ ಹೆಂಡ್ತಿ ಜಾಗ ತಗೋಬೇಕಾದ್ರೆ ವಿದೇಶಿ ಗಂಡ ಪಕ್ಕದಲ್ಲಿ ಕೂತು ಒಂದು ಪತ್ರಕ್ಕೆ ಸೈನ್ ಹಾಕ್ಬೇಕು, ಈ ದುಡ್ಡು ಪೂರ್ತಿ ಅವಳದ್ದು, ಸಿನ್ ಸುವನ್ ತುವಾ, ಅಂದ್ರೆ ಅವಳ ಸ್ವಂತ ಆಸ್ತಿ, ಗಂಡ ಹೆಂಡ್ತಿ ಕೂಡಿ ಮಾಡಿದ ಸಿನ್ ಸೊಮ್‌ರೋಸ್ ಅಲ್ಲ ಅಂತ. 1999ಕ್ಕೂ ಮುಂಚೆ ವಿದೇಶಿಯರನ್ನ ಮದುವೆ ಆದ ಹೆಂಗಸರಿಗೆ ಜಾಗ ಕೊಳ್ಳೋದೇ ಕಷ್ಟ ಇತ್ತಂತೆ, ಈ ಪತ್ರದ ಪದ್ಧತಿ ಆಮೇಲೆ ಬಂದಿದ್ದು. ಕೌಂಟರಲ್ಲಿದ್ದ ಆಫೀಸರಮ್ಮ ಪತ್ರ ಪೂರ್ತಿ ಓದಿ, ಪೆನ್ನು ನನ್ನ ಕಡೆ ತಿರುಗಿಸಿ, ಅರ್ಥ ಆಯ್ತಾ ಅಂತ ಎರಡು ಸಲ ಕೇಳಿದ್ರು. ಮನೆಯವಳು ಮಾತ್ರ ನನ್ನ ಮುಖ ನೋಡದೆ ಟೋಕನ್ ಚೀಟಿ ಮಡಚ್ತಾ ಕೂತಿದ್ಳು. ದುಡ್ಡು ನಿಜವಾಗ್ಲೂ ಅವಳದ್ದೇ, ನನಗೇನೂ ಅಳುಕಿರ್ಲಿಲ್ಲ, ಆದ್ರೂ ಸೈನ್ ಹಾಕೋವಾಗ ಕೈ ಒಂದು ಕ್ಷಣ ನಿಂತಿದ್ದು ಸುಳ್ಳಲ್ಲ. ತಮ್ಮ ದುಡ್ಡು ಹಾಕಿ ಹೆಂಡ್ತಿದು ಅಂತ ಬರ್ಕೊಡೋರು ಯೋಚನೆ ಮಾಡಿ, ಆ ಪತ್ರ ನಾಳೆ ಕೋರ್ಟಲ್ಲಿ ನಿಮ್ಮ ವಿರುದ್ಧವೇ ನಿಲ್ಲುತ್ತೆ.

ಟ್ರಾನ್ಸ್‌ಫರ್ ಫೀ ಎರಡು ಪರ್ಸೆಂಟ್, ಮಾರಿದವರ ಜೊತೆ ಅರ್ಧ ಅರ್ಧ ಹಂಚ್ಕೊಂಡ್ವಿ. ಮಧ್ಯಾಹ್ನ ಊಟದೊಳಗೆ ಕೆಲಸ ಮುಗೀತು, ಹೊಸ ಹೆಸರು ಬಿದ್ದ ಚನೋಟ್ ಕೈಗೆ ಬಂತು. ನಮ್ಮೂರಲ್ಲಿ ರಿಜಿಸ್ಟ್ರೇಷನ್ ಆಗಿ ಆಮೇಲೆ ಖಾತೆಗೆ ಅಂತ ತಿರುಗಿದ್ದು ನೆನೆಸ್ಕೊಂಡು ಹೊಟ್ಟೆ ಉರೀತು.

ಈಗ ಬರೋದು ಹಳದಿ ಪುಸ್ತಕದ ರಾಮಾಯಣ. ಇಲ್ಲಿ ಪ್ರತಿ ಮನೆಗೂ ತಬಿಯನ್ ಬಾನ್ ಅಂತ ಒಂದು ಪುಸ್ತಕ ಇರುತ್ತೆ, ಆ ಮನೆಯಲ್ಲಿ ಯಾರ್ಯಾರು ವಾಸ ಇದ್ದಾರೆ ಅಂತ, ನಮ್ಮ ರೇಷನ್ ಕಾರ್ಡಿನ ದೊಡ್ಡಣ್ಣ ಅಂದ್ಕೊಳ್ಳಿ. ಥಾಯ್ ಜನಕ್ಕೂ ಪರ್ಮನೆಂಟ್ ರೆಸಿಡೆನ್ಸಿ ಇರೋರಿಗೂ ನೀಲಿ, ನಮ್ಮಂಥ ತಾತ್ಕಾಲಿಕ ವೀಸಾದವ್ರಿಗೆ ಹಳದಿ. ಹಳದಿ ಸಿಕ್ಕಿದ್ರೆ 13 ಅಂಕಿಯ ಒಂದು ನಂಬರ್ ಸಿಗುತ್ತೆ, ಅದರ ಮೇಲೆ ಪಿಂಕ್ ಐಡಿ ಕಾರ್ಡ್. ಮಾಡಿಸೋ ಜಾಗ ಅಂಫೋ, ನಮ್ಮ ತಾಲ್ಲೂಕು ಆಫೀಸ್ ಥರ.

ಇದಕ್ಕೆ ಪಾಸ್‌ಪೋರ್ಟನ್ನ ಥಾಯ್‌ಗೆ ಅನುವಾದ ಮಾಡ್ಸಿ, ಬ್ಯಾಂಕಾಕಿನ ಚೇಂಗ್ ವಟ್ಟನದಲ್ಲಿರೋ ವಿದೇಶಾಂಗ ಇಲಾಖೆಯಲ್ಲಿ ಸೀಲ್ ಹಾಕಿಸ್ಬೇಕು. ಏಜೆನ್ಸಿಯವ್ರು ಮಾಡಿಸ್ಕೊಂಡೂ ಬಂದ್ರು. ಇವರಿಗೆ ಬರೋದೆಲ್ಲ ಫರಂಗ್ ಗಿರಾಕಿಗಳು, ಬ್ರಿಟಿಷರು, ಜರ್ಮನ್ನರು, ಅವರ ಪಾಸ್‌ಪೋರ್ಟಲ್ಲಿ ಫೋಟೋ ಪುಟ ಒಂದೇ ಸಾಕು. ನಮ್ಮ ಪಾಸ್‌ಪೋರ್ಟಲ್ಲಿ ಕೊನೇ ಪುಟ ಅಂತ ಒಂದಿದೆಯಲ್ಲ, ಅಪ್ಪನ ಹೆಸರು, ಅಮ್ಮನ ಹೆಸರು, ಊರ ವಿಳಾಸ, ಅದನ್ನ ಯಾರೂ ತಿರುಗಿಸೇ ನೋಡಿಲ್ಲ. ಅಂಫೋದಲ್ಲಿ ಮೊದಲ ಪ್ರಶ್ನೆಯೇ ಅಪ್ಪ ಅಮ್ಮನ ಹೆಸರು, ಅದಕ್ಕೆ ದಾಖಲೆ. ನಾನು ಪಾಸ್‌ಪೋರ್ಟ್ ತಿರುಗಿಸಿ ತೋರಿಸ್ದೆ, ಆಫೀಸರ್ ಖುಷಿಯಾದ್ರು, ಆಮೇಲೆ ಇದರ ಅನುವಾದ ಎಲ್ಲಿ ಅಂದ್ರು. ಏಜೆನ್ಸಿ ಹುಡುಗ ನನ್ನ ಮುಖ ನೋಡ್ದ, ನಾನು ಅವನ ಮುಖ. ಮತ್ತೆ ಬ್ಯಾಂಕಾಕಿಗೆ ಕಳ್ಸಿ ಮೂರು ವಾರ ಹೋಯ್ತು.

ಎರಡನೇ ಸಲ ಹೋದಾಗ ಹೆಸರಿನ ಗಲಾಟೆ. ನನ್ನ ಹೆಸರು "ಶ್" ಅಂತ ಮುಗಿಯುತ್ತೆ. ಥಾಯ್ ಲಿಪಿಯಲ್ಲಿ ನಮ್ಮ ಶ ಷ ಸ ಮೂರೂ ಬೇರೆ ಬೇರೆ ಅಕ್ಷರ ಇವೆ, ಆದ್ರೆ ಮೂರನ್ನೂ ಸ ಅಂತಾನೇ ಓದ್ತಾರೆ, ಪದದ ಕೊನೇಲಿ ಬಂದ್ರೆ "ತ್" ಆಗೋಗುತ್ತೆ. ನಮ್ಮ ವಿಘ್ನೇಶನೇ ಇಲ್ಲಿ ಫಿಖನೇತ್ ಆಗಿದ್ದಾನೆ, ಅವನಿಗಿಲ್ಲದ ಮರ್ಯಾದೆ ನಂಗೆ ಎಲ್ಲಿಂದ. ಮದುವೆ ರಿಜಿಸ್ಟರ್ ಆದಾಗ ಅನುವಾದ ಮಾಡಿದವ್ರು ಆ ಶ ಅಕ್ಷರ ಹಾಕಿದ್ರು. ಈ ಏಜೆನ್ಸಿಯವ್ರು ಉಚ್ಚಾರಣೆ ಸರಿ ಬರ್ಲಿ ಅಂತ ಚ ಹಾಕಿ ಮೇಲೊಂದು ಸೊನ್ನೆಯಂಥ ಗುರುತು ಇಟ್ಟಿದ್ರು. ಅಂಫೋ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ ಮನುಷ್ಯರು. ಮದುವೆ ಆಗಿರೋನು ಒಬ್ಬ, ಮನೇಲಿರೋನು ಇನ್ನೊಬ್ಬ! ಮನೆಯವಳು ನಗು ತಡೆಯೋಕಾಗದೆ ಆಚೆ ಹೋದ್ಳು. ಜೊತೆಗೆ ನಂಗೆ ಸರ್‌ನೇಮ್ ಇಲ್ಲ, ಪಾಸ್‌ಪೋರ್ಟಲ್ಲಿ ಆ ಜಾಗ ಖಾಲಿ, ಇನಿಷಿಯಲ್ ಅನ್ನೋದು ಏನು ಅಂತ ಅವರಿಗೆ ತಿಳಿಸೋಷ್ಟರಲ್ಲಿ ಅರ್ಧ ಗಂಟೆ ಆಯ್ತು, "ಊರ ಹೆಸರೂ ಅಪ್ಪನ ಹೆಸರೂ ಮುಂದುಗಡೆ ಬರುತ್ತೆ, ಅದು ಮನೆತನದ ಹೆಸರಲ್ಲ" ಅಂದ್ರೆ ಆಫೀಸರ್ ಪಾಪ ತಲೆ ಆಡಿಸಿ ಮತ್ತೆ ಅದೇ ಪ್ರಶ್ನೆ ಕೇಳೋರು. ನಮ್ಮ ಕಡೆಯೋರು ಯಾರಾದ್ರೂ ಇಲ್ಲಿ ಮದುವೆ ಆಗೋದಾದ್ರೆ, ಮೊದಲ ಅನುವಾದದಲ್ಲಿ ಹೆಸರು ಹೆಂಗೆ ಬಂತೋ ಅದರ ಫೋಟೋ ತೆಗ್ದು ಇಟ್ಕೊಳ್ಳಿ, ಮುಂದಿನ ಪ್ರತಿ ಕಾಗದಕ್ಕೂ ಅದನ್ನೇ ತೋರ್ಸಿ.

ಕೊನೆಗೆ ಮೂರನೇ ಸಲಕ್ಕೆ ಆಯ್ತು. ಹೆಂಡ್ತಿ, ಮನೆ ಪುಸ್ತಕದಲ್ಲಿ ಯಜಮಾನಿ ಆಗಿರೋ ಅತ್ತೆ, ಸಾಕ್ಷಿಗೆ ಇಬ್ಬರು, ಅದರಲ್ಲಿ ಒಬ್ಬರು ಊರಿನ ಫೂ ಯೈ ಬಾನ್, ನಮ್ಮ ಹಳೇ ಕಾಲದ ಪಟೇಲರ ಥರ. ಅವರಿಗೆ ನಾನು ಯಾವಾಗ ಬಂದೆ, ಏನು ಕೆಲಸ, ಕುಡಿದು ಗಲಾಟೆ ಮಾಡ್ತಾನಾ ಅಂತೆಲ್ಲ ಪ್ರಶ್ನೆ. ಇಲ್ಲಿ ನಮ್ಮೋರನ್ನ ಖೇಕ್ ಅಂತಾರೆ, ಅಂದ್ರೆ ಅತಿಥಿ. ಪಟೇಲರು "ಈ ಖೇಕ್ ಒಳ್ಳೆಯೋನು, ದೇವಸ್ಥಾನದ ಹಬ್ಬಕ್ಕೆ ಪಾತ್ರೆ ತೊಳೀತಾನೆ" ಅಂದ್ರು, ಅದನ್ನೂ ಬರ್ಕೊಂಡ್ರು. ಪಿಂಕ್ ಕಾರ್ಡಿಗೆ 60 ಬಾತ್ ತಗೊಂಡ್ರು, ಪುಸ್ತಕಕ್ಕೆ ಏನೂ ಇಲ್ಲ. ಅಂದ್ರೆ ಅನುವಾದ, ಸೀಲು ಬಿಟ್ರೆ ಏಜೆನ್ಸಿ ತಗೊಂಡ ದುಡ್ಡೆಲ್ಲ ಓಡಾಟದ್ದು, ಆ ಓಡಾಟದಲ್ಲಿ ಅರ್ಧ ಅವರ ತಪ್ಪಿಂದಲೇ ಆಗಿದ್ದು. ಥಾಯ್ ಮಾತಾಡೋ ಹೆಂಡ್ತಿ ಜೊತೆಗಿದ್ರೆ ಇದನ್ನ ನೀವೇ ಮಾಡ್ಕೋಬಹುದು.

ಉಪಯೋಗ ಇದೆಯಾ ಅಂದ್ರೆ ಇದೆ. ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡ್ಸೋಕೆ, ಗಾಡಿ ತಗೊಳ್ಳೋಕೆ ಇಮ್ಮಿಗ್ರೇಷನ್‌ಗೆ ಹೋಗಿ ವಿಳಾಸದ ಸರ್ಟಿಫಿಕೇಟ್ ಕೇಳೋದು ತಪ್ಪುತ್ತೆ. ಆದ್ರೆ 90 ದಿನಕ್ಕೊಮ್ಮೆ ಇಮ್ಮಿಗ್ರೇಷನ್‌ಗೆ ವಿಳಾಸ ತಿಳಿಸೋ ರಿಪೋರ್ಟ್ ತಪ್ಪಲ್ಲ, ವೀಸಾ ತಪ್ಪಲ್ಲ.

ಆ ಅರ್ಧ ಸ್ಟಾರ್ ಹೋಗಿದ್ದು ಇಲ್ಲೇ. ಏಜೆನ್ಸಿ ಬ್ರೋಷರಲ್ಲಿ ಹಳದಿ ಪುಸ್ತಕದ ಫೋಟೋ ಹಾಕಿ "ನಿಮ್ಮ ಮನೆ, ನಿಮ್ಮ ಹೆಸರು" ಅನ್ನೋ ಅರ್ಥದಲ್ಲಿ ಬರೆದವ್ರೆ. ಶುದ್ಧ ದಾರಿ ತಪ್ಪಿಸೋ ಮಾತು. ತಬಿಯನ್ ಬಾನ್ ಹಳದಿಯಾಗ್ಲಿ ನೀಲಿಯಾಗ್ಲಿ, ಅದು ವಾಸದ ದಾಖಲೆ, ಮಾಲೀಕತ್ವದ್ದಲ್ಲ. ಪಕ್ಕದ ಬೀದಿಯ ಒಬ್ಬ ಯಜಮಾನರು, ಯುರೋಪಿನೋರು, ಆ ಪುಸ್ತಕವನ್ನ ಬೀರುವಲ್ಲಿ ಒಡವೆ ಜೊತೆ ಇಟ್ಟಿದ್ದಾರೆ, ಮನೆ ನಂದು ಅಂತ. ಅವರಿಗೆ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ.

ನಿಜವಾದ ರಕ್ಷಣೆ ಇರೋದು ಚನೋಟಿನ ಬೆನ್ನಲ್ಲಿ. ಹಾಳೆ ತಿರುಗಿಸಿದ್ರೆ ಹಿಂದುಗಡೆ ಒಂದು ಪಟ್ಟಿ, ಯಾವಾಗ ಯಾರಿಗೆ ಮಾರಾಟ, ಯಾವ ಬ್ಯಾಂಕಿಗೆ ಅಡಮಾನ, ಎಲ್ಲ ಸಾಲು ಸಾಲಾಗಿ, ನಮ್ಮ ಇ.ಸಿ.ಯನ್ನ ಪತ್ರದ ಹಿಂದೆಯೇ ಅಂಟಿಸಿದಂಗೆ. ಅದರಲ್ಲಿ ನನ್ನ ಹೆಸರಿಗೆ ಸಿತ್ತಿ ಕೆಪ್ ಕಿನ್ ಬರ್ಸಿದ್ವಿ. ಪದಶಃ ಅರ್ಥ ಕಿತ್ತು ತಿನ್ನೋ ಹಕ್ಕು, ಎಷ್ಟು ಚೆನ್ನಾಗಿದೆ ನೋಡಿ, ನಮ್ಮ ಪತ್ರಗಳಲ್ಲಿ "ಅನುಭವಿಸಿಕೊಂಡು ಬರತಕ್ಕದ್ದು" ಅಂತಾರಲ್ಲ ಅದೇ. 30 ವರ್ಷಕ್ಕೂ ಬರೆಸಬಹುದು, ಜೀವ ಇರೋ ತನಕಾನೂ ಬರೆಸಬಹುದು, ನಂದು ಜೀವ ಇರೋ ತನಕ. ನಮ್ಮ ಲ್ಯಾಂಡ್ ಆಫೀಸಲ್ಲಿ ಸುಲಭವಾಗಿ ಆಯ್ತು, ಗಂಡ ಹೆಂಡ್ತಿ ಮಧ್ಯೆ ಇದನ್ನ ಬರೆಯಲ್ಲ ಅನ್ನೋ ಆಫೀಸುಗಳೂ ಇವೆ, ಮೊದ್ಲೇ ಹೋಗಿ ಕೇಳಿ.

"ಇನ್ನು ನಿಮ್ಮನ್ನ ಯಾರೂ ಅಲ್ಲಾಡ್ಸೋಕಾಗಲ್ಲ ಸಾರ್" ಅಂದ ಏಜೆನ್ಸಿಯವನು. ನಾನು ಸಿವಿಲ್ ಕೋಡಿನ ಸೆಕ್ಷನ್ 1469 ಕತೆ ಏನು ಅಂದೆ. ಬ್ಯಾಂಕಾಕಲ್ಲಿ ಗೊತ್ತಿರೋ ವಕೀಲರು ಹೇಳಿಕೊಟ್ಟಿದ್ರು, ಮದುವೆ ಆದ್ಮೇಲೆ ಗಂಡ ಹೆಂಡ್ತಿ ಮಾಡ್ಕೊಂಡ ಆಸ್ತಿ ಕರಾರನ್ನ ಇಬ್ಬರಲ್ಲಿ ಯಾರು ಬೇಕಾದ್ರೂ ಮದುವೆ ಇರೋ ತನಕ, ಅಥವಾ ಮುರಿದ ಮೇಲೆ ಒಂದು ವರ್ಷದೊಳಗೆ, ರದ್ದು ಮಾಡಬಹುದು ಅಂತ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು "ನಿಮ್ಮ ಹೆಂಡ್ತಿ ಒಳ್ಳೆಯೋರು" ಅಂದ. ಅದು ನಂಗೂ ಗೊತ್ತು ಮಾರಾಯ, ನಾನು ದುಡ್ಡು ಕೊಟ್ಟಿದ್ದು ನಿನ್ನ ಸರ್ಟಿಫಿಕೇಟಿಗಲ್ಲ. ಈ ಮಾತನ್ನ ಅವರೇ ಮೊದಲ ದಿನ ಹೇಳ್ಬೇಕಿತ್ತು.

ಹಾಗಾದ್ರೆ ಯಾಕೆ ಬರ್ಸಿದೆ ಅಂತ ಕೇಳ್ತೀರಾ. ಜಗಳಕ್ಕಲ್ಲ, ಸಾವಿಗೆ. ನಾಳೆ ಅವಳಿಗೆ ಏನಾದ್ರೂ ಆದ್ರೆ ನಾನು ವಾರಸುದಾರ ಹೌದು, ಆದ್ರೆ ಜಮೀನು ನನ್ನ ಹೆಸರಲ್ಲಿ ಉಳಿಯಲ್ಲ, ಒಂದು ವರ್ಷದೊಳಗೆ ಮಾರ್ಬೇಕು. ಅನುಭೋಗದ ಹಕ್ಕು ಮಾತ್ರ ಜಾಗದ ಒಡೆತನ ಯಾರಿಗೆ ಹೋದ್ರೂ ನಾನು ಬದುಕಿರೋ ತನಕ ಇರುತ್ತೆ, ಮನೆ ಖಾಲಿ ಮಾಡು ಅನ್ನಂಗಿಲ್ಲ. ಇದನ್ನ ಮನೆಯವಳ ಎದುರು ವಿವರಿಸೋವಾಗ ಅವಳು "ಪೀ" (ವಯಸ್ಸಲ್ಲಿ ದೊಡ್ಡೋರನ್ನ ಇಲ್ಲಿ ಹಂಗೆ ಕರೀತಾರೆ), "ನಾನೇ ಮೊದ್ಲು ಸಾಯ್ತೀನಿ ಅಂತ ಯಾಕೆ ಅಂದ್ಕೊಂಡೆ" ಅಂತ ಕೇಳಿದ್ಳು. ಉತ್ತರ ಇರ್ಲಿಲ್ಲ. ನಂಗಿಂತ ಎಂಟು ವರ್ಷ ಚಿಕ್ಕೋಳು.

ಮನೆ ಕಟ್ಟೋದು ಮುಂದಿನ ವರ್ಷ, ಅದು ನನ್ನ ದುಡ್ಡು. ಕಟ್ಟಡ ವಿದೇಶಿಯರ ಹೆಸರಲ್ಲಿ ಇರಬಹುದು, ನೆಲ ಮಾತ್ರ ಆಗಲ್ಲ, ಅದಕ್ಕೆ ಓ ಬೋ ತೋ, ಅಂದ್ರೆ ಇಲ್ಲಿಯ ಪಂಚಾಯ್ತಿಯಲ್ಲಿ, ಕಟ್ಟೋ ಪರವಾನಗಿ ನನ್ನ ಹೆಸರಿಗೇ ಹಾಕ್ತೀವಿ, ಕಾಂಟ್ರಾಕ್ಟರ್ ಬಿಲ್ಲುಗಳೂ ನನ್ನ ಹೆಸರಲ್ಲೇ. ಇದಕ್ಕೂ ಪ್ಯಾಕೇಜ್ ಇದೆ ಅಂತ ಏಜೆನ್ಸಿಯವ್ರು ಲೈನ್ ಅನ್ನೋ ಆ್ಯಪಲ್ಲಿ ಮೆಸೇಜ್ ಹಾಕಿದ್ರು, 9,000 ಬಾತ್, ಜೊತೆಗೆ ಕೈ ಮುಗಿಯೋ ಕರಡಿಯ ಸ್ಟಿಕರ್. ನಾನೂ ಒಂದು ಸ್ಟಿಕರ್ ಕಳ್ಸಿ ಸುಮ್ನಾದೆ. ಪಂಚಾಯ್ತಿಗೆ ಸೋಮವಾರ ಅತ್ತೆ ಬರ್ತೀನಿ ಅಂದಿದ್ದಾರೆ.