ಜರ್ಮನ್ ವಂಶವೃಕ್ಷ ಮಾಡಿಕೊಡುತ್ತೇನೆ ಎನ್ನುವವರಿಗೆ ಮುಂಗಡ ಕಳುಹಿಸುವ ಮೊದಲು ಇದನ್ನು ಓದಿ

ಹಳೆಯ ಚರ್ಚ್ ದಾಖಲೆಗಳಲ್ಲಿ ನಿಮ್ಮ ಪೂರ್ವಜರನ್ನು ಹುಡುಕಿಕೊಡುತ್ತೇನೆ ಎಂದು ಯಾರಾದರೂ ಮುಂಗಡ ಕೇಳುತ್ತಿದ್ದರೆ, ದಯವಿಟ್ಟು ಇದನ್ನು ಓದಿ ಮುಗಿಸುವವರೆಗೆ ಒಂದು ಪೈಸೆಯನ್ನೂ ಕಳುಹಿಸಬೇಡಿ. ನಮಗೆ 900 ಯೂರೋ ಹೋಯಿತು. ಹಣ ಹೋದದ್ದು ಒಂದು ಕಡೆ ಇರಲಿ. ಎಂಬತ್ತು ದಾಟಿದ ನನ್ನ ಅತ್ತೆ ನೆಂಟರಿಷ್ಟರ ಮುಂದೆ ತಲೆತಗ್ಗಿಸಬೇಕಾಯಿತಲ್ಲ, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನನ್ನ ಗಂಡನ ಮನೆಯವರು ಅಮೆರಿಕದ ವಿಸ್ಕಾನ್ಸಿನ್‌ನವರು. ಅತ್ತೆಯ ತವರಿನ ಹಿರಿಯ ಯೋಹಾನ್ ಗೆಯೋರ್ಗ್ 1854ರಲ್ಲಿ ದಕ್ಷಿಣ ಜರ್ಮನಿಯ ರಾಜ್ಯವಾಗಿದ್ದ ವುರ್ಟೆಂಬರ್ಗ್‌ನಿಂದ ಹಡಗು ಹತ್ತಿ ಬಂದವನು. ಆ ಒಂದೇ ವರ್ಷ ಎರಡು ಲಕ್ಷಕ್ಕೂ ಹೆಚ್ಚು ಜರ್ಮನ್ನರು ಅಮೆರಿಕಕ್ಕೆ ಬಂದಿಳಿದಿದ್ದರು. ಮನೆಯ ಬೈಬಲ್‌ನ ಮೊದಲ ಹಾಳೆಯಲ್ಲಿ ಅವನು ಹುಟ್ಟಿದ್ದು 1829 ಎಂದು ಬರೆದಿದೆ, ಊರಿನ ಹೆಸರಿಲ್ಲ. ಜನಗಣತಿಯಲ್ಲಿ, ಪೌರತ್ವದ ಕಾಗದದಲ್ಲಿ ಎಲ್ಲಿ ನೋಡಿದರೂ ಬರೀ ‘ವುರ್ಟೆಂಬರ್ಗ್’. ಈ ಹುಡುಕಾಟಕ್ಕೆ ಇಳಿದವರೆಲ್ಲ ತಡವರಿಸುವುದು ಇಲ್ಲಿಯೇ. ಜರ್ಮನಿಯಲ್ಲಿ ಸರ್ಕಾರಿ ಜನನ ಮರಣ ನೋಂದಣಿ ದೇಶದುದ್ದಕ್ಕೂ ಬಂದದ್ದು 1876ರಲ್ಲಿ. ಅದಕ್ಕೂ ಹಿಂದಿನವರ ಲೆಕ್ಕ ಹೆಚ್ಚಾಗಿ ಸಿಗುವುದು ಊರೂರಿನ ಚರ್ಚ್ ಪುಸ್ತಕಗಳಲ್ಲಿ, ಪಾದ್ರಿಗಳ ಕೈಬರಹದಲ್ಲಿ. ಊರೇ ಗೊತ್ತಿಲ್ಲದ ಮೇಲೆ ಯಾವ ಪುಸ್ತಕ ತೆರೆಯುವುದು? ಅದಕ್ಕೇ ತಜ್ಞನೊಬ್ಬನನ್ನು ಹಿಡಿದೆವು. ಅರ್ಧ ಹಣ ಮೊದಲು, ಉಳಿದದ್ದು ಕೆಲಸ ಮುಗಿದ ಮೇಲೆ ಎಂದ. ಹಲವರು ಕೇಳುವುದು ಹಾಗೆಯೇ. ಹಣ ಕೈಸೇರುವವರೆಗೆ ಪತ್ರ ಬರೆದ ಗಂಟೆಯೊಳಗೆ ಉತ್ತರ ಬರುತ್ತಿತ್ತು.

ಆತ ಕಳುಹಿಸಿದ ವಂಶವೃಕ್ಷವನ್ನು ನೀವು ನೋಡಬೇಕಿತ್ತು. ದಪ್ಪ ಕಾಗದ, ಹೊನ್ನಿನ ಬಣ್ಣದ ಅಂಚು, 1592ರವರೆಗೆ ಸಾಲುಸಾಲು ತಲೆಮಾರುಗಳು, ನೆತ್ತಿಯ ಮೇಲೆ ಕೆಂಪು ಸಿಂಹದ ಕುಲಲಾಂಛನ. ಲಾಂಛನಕ್ಕೆ ಬೇರೆ ಶುಲ್ಕ ವಸೂಲು ಮಾಡಿದ. ಅತ್ತೆ ಅದಕ್ಕೆ ಚೌಕಟ್ಟು ಹಾಕಿಸಿದರು. ಬೇಸಿಗೆಯಲ್ಲಿ ನಡೆದ ಕುಟುಂಬ ಸಮ್ಮಿಲನದಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರ ಟೀ ಶರ್ಟಿನ ಮೇಲೂ ಅದೇ ಸಿಂಹ. ಅತ್ತೆ ಎದ್ದು ನಿಂತು ಒಂದೊಂದೇ ಹೆಸರನ್ನು ಓದಿದರು. ಕೆಲವರು ಕಣ್ಣೊರೆಸಿಕೊಂಡರು.

ನಾನು ಮೊದಲಿನಿಂದಲೂ ಆತನನ್ನು ಕೇಳಿದ್ದು ಒಂದನ್ನೇ. ಮೂಲ ಪುಟಗಳ ಚಿತ್ರ ಕೊಡಿ ಎಂದು. “ಹಕ್ಕುಸ್ವಾಮ್ಯ ಇರುವುದರಿಂದ ಕೊಡಲು ಬರುವುದಿಲ್ಲ, ನಾನು ಟೈಪ್ ಮಾಡಿದ ಪಟ್ಟಿಯೇ ಸಾಕು” ಎಂದ. ಸುಳ್ಳು. ಹಸಿ ಹಸಿ ಸುಳ್ಳು. ಪ್ರೊಟೆಸ್ಟೆಂಟ್ ಚರ್ಚ್‌ಗಳ ಸಾವಿರಾರು ಪುಸ್ತಕಗಳು ಆರ್ಕಿಯೋನ್ ಜಾಲತಾಣದಲ್ಲಿವೆ. ಚಂದಾ ಕಟ್ಟಿದವರು ಯಾರು ಬೇಕಾದರೂ ನೋಡಬಹುದು, ಸ್ವಂತ ಬಳಕೆಗೆ ಪುಟಗಳನ್ನು ಇಳಿಸಿಕೊಳ್ಳಲೂಬಹುದು. ನಾನೇ ಚಂದಾ ಕಟ್ಟಿದೆ. ಆತ ಹೇಳಿದ ಊರಿನ 1829ರ ದೀಕ್ಷಾಸ್ನಾನದ ಪುಟ ಸಿಕ್ಕಿತು. ಅದು ಹಳೆಯ ಕುರೆಂಟ್ ಲಿಪಿ. ಈಗಿನ ಜರ್ಮನ್ ಬಲ್ಲ ಹೆಚ್ಚಿನವರಿಗೂ ಓದಲು ಬಾರದ, ಬರೀ ಗೀಟುಗಳ ಸಾಲಿನಂತೆ ಕಾಣುವ ಬರಹ. ಅತ್ತೆಯ ಚರ್ಚಿನಲ್ಲಿ ನಿವೃತ್ತ ಜರ್ಮನ್ ಅಧ್ಯಾಪಕರೊಬ್ಬರಿದ್ದಾರೆ. ಪುಟವನ್ನು ಅವರ ಮುಂದಿಟ್ಟೆವು.

ಅವರು ಭೂತಗನ್ನಡಿ ಹಿಡಿದು ಓದಿದರು. ಮಗುವಿನ ಹೆಸರು, ಸರಿ. ತಂದೆ, ನೇಕಾರ. ತಾಯಿಯ ಹೆಸರು, ದೀಕ್ಷಾಸ್ನಾನಕ್ಕೆ ಬಂದ ಸಾಕ್ಷಿಗಳು, ಎಲ್ಲವೂ ಸರಿ. ಆಮೇಲೆ ಅವರ ಬೆರಳು ಹೆಸರಿನ ಪಕ್ಕದಲ್ಲಿ ನಿಂತಿತು. ಅಲ್ಲಿ ಒಂದು ಪುಟ್ಟ ಶಿಲುಬೆಯ ಗುರುತು, ಅದರ ಕೆಳಗೆ ಇನ್ನೊಂದು ತಾರೀಕು, ಶಾಯಿಯ ಬಣ್ಣವೇ ಬೇರೆ. “ಅಮ್ಮಾ, ಈ ಮಗು ಅದೇ ವರ್ಷ ತೀರಿಕೊಂಡಿದೆಯಲ್ಲ” ಎಂದರು. ಯಾರಿಗೂ ಮಾತು ಹೊರಡಲಿಲ್ಲ. ಹಾಲುಕುಡಿಯುವ ವಯಸ್ಸಿನಲ್ಲಿ ಸತ್ತ ಕೂಸನ್ನು ಆ ಮನುಷ್ಯ ಹಡಗು ಹತ್ತಿಸಿ, ವಿಸ್ಕಾನ್ಸಿನ್‌ನಲ್ಲಿ ಮದುವೆ ಮಾಡಿಸಿ, ನನ್ನ ಅತ್ತೆಯ ಪೂರ್ವಜನನ್ನಾಗಿ ಮಾಡಿಟ್ಟಿದ್ದ! ಆ ಶಿಲುಬೆ ಆತನ ಕಣ್ಣಿಗೆ ಬೀಳಲಿಲ್ಲವೇ? ಬಿದ್ದೇ ಇರುತ್ತದೆ. ಹೆಸರು ಹೊಂದಿತು, ವರ್ಷ ಹೊಂದಿತು, ಇವರಿಗೆ ಹೇಗೂ ಓದಲು ಬರುವುದಿಲ್ಲ, ಇಷ್ಟು ಸಾಕು ಎಂದುಕೊಂಡಿರುತ್ತಾನೆ.

ಆತನ ಉತ್ತರಗಳನ್ನು ಕೇಳಿ. ಮೊದಲನೆಯದು: “ಸತ್ತ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ತಮ್ಮನಿಗೆ ಇಡುತ್ತಿದ್ದರು. ನಿಮ್ಮವನು ಆ ತಮ್ಮ.” ಅಂಥ ಪದ್ಧತಿ ಇದ್ದದ್ದು ನಿಜ. ಆದರೆ 1808ರಿಂದ ವುರ್ಟೆಂಬರ್ಗ್‌ನ ಪಾದ್ರಿಗಳು ಒಂದು ಸಂಸಾರಕ್ಕೆ ಒಂದು ಪುಟದಂತೆ ಕುಟುಂಬ ಪುಸ್ತಕ ಬರೆಯಬೇಕಿತ್ತು. ತಂದೆ, ತಾಯಿ, ಹುಟ್ಟಿದ ಪ್ರತಿಯೊಂದು ಮಗು, ಯಾರು ಸತ್ತರು, ಯಾರು ಅಮೆರಿಕಕ್ಕೆ ಹೋದರು, ಎಲ್ಲ ಒಂದೇ ಕಡೆ ಸಿಗುತ್ತದೆ. ಆ ನೇಕಾರನ ಪುಟ ತೆಗೆದು ನೋಡಿದೆವು. ಆಮೇಲೆ ಹುಟ್ಟಿದವರಲ್ಲಿ ಎರಡನೆಯ ಯೋಹಾನ್ ಗೆಯೋರ್ಗ್ ಇಲ್ಲ. ಅಮೆರಿಕಕ್ಕೆ ಹೋದವರೂ ಆ ಪುಟದಲ್ಲಿ ಯಾರೂ ಇಲ್ಲ. ಇದನ್ನು ಬರೆದು ಕಳುಹಿಸಿದರೆ ಎರಡನೆಯ ಉತ್ತರ: “ವಲಸೆ ಬಂದವರು ಹುಟ್ಟಿದ ವರ್ಷವನ್ನು ಸುಳ್ಳು ಹೇಳುತ್ತಿದ್ದರು.” ಅಂದರೆ ತಪ್ಪು ಈತನದಲ್ಲ, ನಮ್ಮ ಹಿರಿಯನದು! ಮತ್ತೆ ಕೇಳಿದೆ. ಆ ಊರಿನ ಪುಸ್ತಕಗಳು ಆರಂಭವಾಗುವುದೇ ಮೂವತ್ತು ವರ್ಷಗಳ ಯುದ್ಧ 1648ರಲ್ಲಿ ಮುಗಿದ ಮೇಲೆ, ಹಿಂದಿನವು ಉಳಿದಿಲ್ಲ, ಹಾಗಿದ್ದ ಮೇಲೆ 1592 ಎಲ್ಲಿಂದ ಬಂತು ಎಂದು. “ನನ್ನ ಬಳಿ ಖಾಸಗಿ ಆಕರಗಳಿವೆ. ಹೆಚ್ಚಿನ ಹುಡುಕಾಟ ಬೇಕಿದ್ದರೆ ಇನ್ನೂ 400 ಯೂರೋ ಆಗುತ್ತದೆ.” ಹೌದು, ಇಷ್ಟೆಲ್ಲ ಆದ ಮೇಲೂ ಇನ್ನೂ 400 ಯೂರೋ ಕೇಳಿದ. ಆಮೇಲೆ ಉತ್ತರಿಸುವುದನ್ನೇ ನಿಲ್ಲಿಸಿದ.

ನಮ್ಮ ಊರಿಗೆ ಎತ್ತಿನ ಮೇಲೆ ಬರುತ್ತಿದ್ದ ಹೆಳವರು ನೆನಪಾಗುತ್ತಾರೆ. ಅಜ್ಜನ ಹೆಸರಿನಿಂದ ಹಿಡಿದು ಹಿಂದುಹಿಂದಕ್ಕೆ ನಮ್ಮ ಮನೆತನವನ್ನು ಹೇಳಿ, ಕೊಟ್ಟ ಕಾಳು ಪಡೆದು ಹೋಗುತ್ತಿದ್ದರು. ಗೊತ್ತಿಲ್ಲದ ಕಡೆ “ಇದು ನಮ್ಮ ಹೊತ್ತಗೆಯಲ್ಲಿ ಇಲ್ಲ ತಾಯೀ” ಎನ್ನುತ್ತಿದ್ದರು. ಅಷ್ಟು ಹೇಳಲು ಈ ತಜ್ಞನಿಗೆ ಬಾಯಿ ಬರಲಿಲ್ಲ.

ಅತ್ತೆ ಬಂಧುಗಳಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ, ಅಂದು ಓದಿದ್ದು ನಮ್ಮ ವಂಶವಲ್ಲ ಎಂದು ಹೇಳಿದರು. ಪಕ್ಕದಲ್ಲಿ ಕುಳಿತು ಅದನ್ನು ಕೇಳುವುದು ನನ್ನಿಂದಾಗಲಿಲ್ಲ.

ಗೊತ್ತಿರಬೇಕಾದದ್ದು ಇಷ್ಟೇ. ಪ್ರತಿ ತಲೆಮಾರಿಗೂ ಮೂಲ ಪುಟದ ಚಿತ್ರ ಕೊಡದವರಿಗೆ ಹಣ ಕೊಡಬೇಡಿ. ಲಾಂಛನ ಸೇರಿಸಿಕೊಡುತ್ತೇನೆ ಎಂದವರ ಹತ್ತಿರ ಸುಳಿಯಲೇಬೇಡಿ. ಲಾಂಛನ ಸೇರುವುದು ಒಂದು ವಂಶಕ್ಕೆ, ಅದೇ ಅಡ್ಡಹೆಸರು ಇರುವವರೆಲ್ಲರಿಗೂ ಅಲ್ಲ. ಜರ್ಮನಿಗೆ ಹಾರುವ ಮೊದಲು ವಲಸೆ ಬಂದವರು ಅಮೆರಿಕದಲ್ಲಿ ಹೋಗುತ್ತಿದ್ದ ಚರ್ಚಿನ ಮದುವೆ ಮತ್ತು ಸಮಾಧಿಯ ಪುಸ್ತಕ ನೋಡಿ. ಅಲ್ಲಿನ ಜರ್ಮನ್ ಪಾದ್ರಿಗಳು ಎಷ್ಟೋ ಬಾರಿ ಹುಟ್ಟೂರನ್ನು ಬರೆದಿಟ್ಟಿದ್ದಾರೆ. ಕ್ಯಾಥೊಲಿಕ್ ಕುಟುಂಬವಾದರೆ ಮಾಟ್ರಿಕುಲಾ ಜಾಲತಾಣದಲ್ಲಿ ಹಲವು ಚರ್ಚ್ ಪುಸ್ತಕಗಳನ್ನು ಬಿಟ್ಟಿಯಾಗಿ ನೋಡಬಹುದು. ನಮ್ಮವನ ಸಮಾಧಿ ದಾಖಲೆ ಕೊನೆಗೆ ವಿಸ್ಕಾನ್ಸಿನ್‌ನ ಲೂಥರನ್ ಚರ್ಚಿನಲ್ಲೇ ಸಿಕ್ಕಿತು. ಊರು ‘ವೈಲರ್’ ಎಂದಿದೆ. ಆ ಹೆಸರಿನ ಊರುಗಳು ವುರ್ಟೆಂಬರ್ಗ್‌ನಲ್ಲಿ ಹಲವಾರಿವೆ, ಒಂದೊಂದನ್ನೇ ನೋಡುತ್ತಿದ್ದೇವೆ. ಆತ ತೋರಿಸಿದ ಊರಿನ ಹೆಸರಂತೂ ಅದಲ್ಲ.

ಕಾರ್ಡ್ ಕಂಪನಿಗೆ ದೂರು ಕೊಟ್ಟಿದ್ದೇವೆ. ಕೆಲಸ ಪೂರ್ತಿ ಮಾಡಿಕೊಟ್ಟಿದ್ದೇನೆ ಎಂದು ಆತ ಆ ಸಿಂಹದ ವಂಶವೃಕ್ಷವನ್ನೇ ಅವರಿಗೆ ಸಾಕ್ಷಿಯಾಗಿ ಕಳುಹಿಸಿದ್ದಾನೆ. ನಾವು 1829ರ ಪುಟವನ್ನು, ಅದರ ಓದನ್ನು, ಅಧ್ಯಾಪಕರ ಸಹಿಯನ್ನು ಕಳುಹಿಸಿದ್ದೇವೆ. ತೀರ್ಮಾನ ಇನ್ನೂ ಬಂದಿಲ್ಲ.