ಡೌಲಾಗೆ ಅಡ್ವಾನ್ಸ್ ಕಳಿಸುವ ಮುಂಚೆ ಇದನ್ನೊಮ್ಮೆ ಓದಿ

ಹುಬ್ಬಳ್ಳಿ-ಧಾರವಾಡ ಕಡೆ ಹೆರಿಗೆಗೆ ಡೌಲಾ ಇಟ್ಟುಕೊಳ್ಳಬೇಕಾ ಬೇಡವಾ ಅಂತ ಯೋಚನೆ ಮಾಡುತ್ತಿರುವ ಬಸುರಿಯರು, ಅವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ದುಡ್ಡು ಹೋಯಿತು, ಅದು ಹೋಗಲಿ. ತಕ್ಷಣ ಆಸ್ಪತ್ರೆಗೆ ಹೋಗಲೇಬೇಕಾದ ಹೊತ್ತಿನಲ್ಲಿ ನಾವು ದುಡ್ಡು ಕೊಟ್ಟು ಇಟ್ಟುಕೊಂಡ ಡೌಲಾನೇ ನನಗೆ ಮನೆಯಲ್ಲಿ ಇರಿ ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಡೌಲಾ ಅಂದರೆ ಹೆರಿಗೆ ಮಾಡಿಸುವವರಲ್ಲ. ಸೂಲಗಿತ್ತಿಯೂ ಅಲ್ಲ, ನರ್ಸೂ ಅಲ್ಲ. ನೋವು ತಿನ್ನುವಾಗ ಪಕ್ಕದಲ್ಲಿ ಕೂತು ಧೈರ್ಯ ಹೇಳುವುದು, ಸೊಂಟ ಒತ್ತುವುದು, ಉಸಿರು ಬಿಡುವುದನ್ನು ಹೇಳಿಕೊಡುವುದು, ಹೇಗೆ ನಿಂತರೆ, ಹೇಗೆ ಮಲಗಿದರೆ ಹಗುರ ಅಂತ ತೋರಿಸುವುದು ಅವರ ಕೆಲಸ. ಬಿಪಿ ನೋಡುವುದು, ಒಳಗೆ ಪರೀಕ್ಷೆ ಮಾಡುವುದು, ಔಷಧಿ ಹೇಳುವುದು ಅವರ ಕೆಲಸ ಅಲ್ಲವೇ ಅಲ್ಲ.

ನನಗೆ ಡೌಲಾ ಬೇಕು ಅನಿಸಿದ್ದಕ್ಕೆ ಕಾರಣ ಇತ್ತು. ಗಂಡನ ಕೆಲಸ ಪುಣೆಯಲ್ಲಿ. ಚೊಚ್ಚಲ ಹೆರಿಗೆ ಅಂತ ಹುಬ್ಬಳ್ಳಿಗೆ ತವರಿಗೆ ಬಂದಿದ್ದೆ. ಅವ್ವನಿಗೆ ಬಿಪಿ, ಮೊಣಕಾಲು ನೋವು ಬೇರೆ, ರಾತ್ರಿಯೆಲ್ಲಾ ನಿಂತು ನೋಡಿಕೊಳ್ಳಲು ಆಗಲ್ಲ. ಅದಕ್ಕಿಂತ ಜಾಸ್ತಿ ಸಿಜೇರಿಯನ್ ಭಯ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಆದ ಹೆರಿಗೆಗಳಲ್ಲಿ ಶೇ. 47.4 ಸಿಜೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಇಷ್ಟು ಅಂತರ ನೋಡಿದ ಮೇಲೆ ಯಾವ ಬಸುರಿಗೆ ನೆಮ್ಮದಿಯಿಂದ ನಿದ್ದೆ ಬರುತ್ತದೆ ಹೇಳಿ?

ಜೊತೆಗೆ ಒಬ್ಬರು ಇದ್ದರೆ ಅನುಕೂಲ ಅನ್ನುವುದೂ ನಿಜ. 2017ರಲ್ಲಿ ಬಂದ ಕಾಕ್ರೇನ್ ಅನ್ನುವ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ವಿಮರ್ಶೆ 17 ದೇಶಗಳ 26 ಅಧ್ಯಯನಗಳನ್ನು, 15 ಸಾವಿರಕ್ಕೂ ಹೆಚ್ಚು ಹೆಂಗಸರ ಹೆರಿಗೆಗಳನ್ನು ಒಟ್ಟಿಗೆ ಇಟ್ಟು ನೋಡಿದೆ. ಹೆರಿಗೆ ಮುಗಿಯುವ ತನಕ ಪಕ್ಕದಲ್ಲಿ ಒಬ್ಬರು ಇದ್ದವರಲ್ಲಿ ಸಹಜ ಹೆರಿಗೆ ಜಾಸ್ತಿ, ಸಿಜೇರಿಯನ್ ಕಡಿಮೆ, ನೋವಿನ ಹೊತ್ತೂ ತುಸು ಕಡಿಮೆ. ಹಾಗಾಗಿ ಡೌಲಾ ಅನ್ನುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವರು ಖಂಡಿತ ಇದ್ದಾರೆ. ಆದರೆ ಡಾಕ್ಟರಿಗೆ, ನರ್ಸಿಗೆ ಇರುವ ಹಾಗೆ ಡೌಲಾಗಳಿಗೆ ನಮ್ಮಲ್ಲಿ ಕೌನ್ಸಿಲ್ ಇಲ್ಲ, ನೋಂದಣಿ ನಂಬರ್ ಇಲ್ಲ. ಆನ್‌ಲೈನ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಪ್ರಿಂಟ್ ಹಾಕಿಕೊಂಡವರೂ ಡೌಲಾನೇ, ವರ್ಷಗಟ್ಟಲೆ ಅನುಭವ ಇರುವವರೂ ಡೌಲಾನೇ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ.

ನಮಗೆ ಸಿಕ್ಕವರು ಧಾರವಾಡದವರು. ಒಟ್ಟು 25 ಸಾವಿರ, ಅದರಲ್ಲಿ 12 ಸಾವಿರ ಅಡ್ವಾನ್ಸ್. ಮಾತು ಬಹಳ ಚೆಂದ. "ನಿಮ್ಮ ಆಸ್ಪತ್ರಿಯವರೆಲ್ಲಾ ನನಗ ಗೊತ್ತದಾರ್ರಿ ಮೇಡಂ, ಲೇಬರ್ ರೂಮಿನ್ಯಾಗ ನಾನೇ ಇರತೀನಿ" ಅಂದರು. ಮೊದಲೆರಡು ವಾರ ಉಸಿರಾಟ, ನಡಿಗೆ, ಊಟದ ಬಗ್ಗೆ ಹೇಳಿದರು. ಎಲ್ಲಾ ಸರಿಯಾಗಿಯೇ ಇತ್ತು.

ಆಮೇಲೆ ಮಾತಿನ ಧಾಟಿ ಬದಲಾಯಿತು. ಹೆರಿಗೆಗೆ ಕೊಟ್ಟ ದಿನ ದಾಟಿದ್ದಕ್ಕೆ ಡಾಕ್ಟರು ಮಗುವಿನ ಹೃದಯ ಬಡಿತ ನೋಡಲು ಎನ್‌ಎಸ್‌ಟಿಗೆ ಬರ ಹೇಳಿದರೆ, ಇವರು "ಅದೇ ಸಿಜೇರಿಯನ್‌ಗೆ ಮೊದಲ ಮೆಟ್ಟಿಲು, ಹೋಗಬ್ಯಾಡ್ರಿ" ಅಂತ ವಾಟ್ಸಾಪ್ ಹಾಕಿದರು. ನೋವು ಶುರುವಾಗಲಿ ಅಂತ ಔಡಲೆಣ್ಣೆ (ಹರಳೆಣ್ಣೆ) ಕುಡಿಯಲು ಹೇಳಿದರು. ದಿನ ತುಂಬಿದವಳಿಗೆ ಅದರಿಂದ ಭೇದಿ ಹತ್ತಿ, ಮೈಯೊಳಗಿನ ನೀರೆಲ್ಲಾ ಹೋಗಿ ಸುಸ್ತಾದರೆ ಯಾರು ಹೊಣೆ? ಅವ್ವ ಬಾಟಲಿಯನ್ನೇ ಎತ್ತಿಟ್ಟಳು. ಎನ್‌ಎಸ್‌ಟಿಗೂ ಅವ್ವನೇ ಹಟ ಮಾಡಿ ಕರೆದುಕೊಂಡು ಹೋದಳು. ನಿಮ್ಮ ಡೌಲಾ ಒಂದೇ ಒಂದು ಸಲ "ಡಾಕ್ಟರು ಹೇಳಿದ್ದನ್ನು ಮಾಡಬೇಡಿ" ಅಂದರೂ ಅಲ್ಲಿಗೆ ಬಿಟ್ಟುಬಿಡಿ. ಅನುಮಾನ ಇದ್ದರೆ ಡಾಕ್ಟರನ್ನೇ ಕೇಳಿ, ಯಾಕೆ ಈ ಪರೀಕ್ಷೆ, ಮಾಡದಿದ್ದರೆ ಏನಾಗುತ್ತದೆ ಅಂತ. ಇನ್ನೊಬ್ಬ ಡಾಕ್ಟರ ಹತ್ತಿರವೂ ಹೋಗಿ. ನಿಮ್ಮ ಪರವಾಗಿ ಡೌಲಾ ತೀರ್ಮಾನ ಮಾಡುವ ಹಾಗಿಲ್ಲ.

ಗರ್ಭಚೀಲ ಒಡೆದು ನೀರು ಹೋಗಿದ್ದು ನಸುಕಿನಲ್ಲಿ. ಅಪ್ಪನ ಹಳೇ ಬಿಳಿ ಧೋತರದ ತುಂಡು ಮಡಿಸಿ ಇಟ್ಟುಕೊಂಡಿದ್ದೆ. ನೋಡಿದರೆ ಮೆಂತೆ ಪಲ್ಯೆ ತೊಳೆದ ನೀರಿನ ಬಣ್ಣ. ಫೋಟೋ ತೆಗೆದು ಡೌಲಾಗೆ ಕಳಿಸಿ ಫೋನ್ ಮಾಡಿದೆ. ಅವರು ಧಾರವಾಡದಲ್ಲಿ ಇನ್ಯಾರದೋ ಹೆರಿಗೆಯಲ್ಲಿದ್ದರು. "ಏನೂ ಆಗಂಗಿಲ್ರಿ, ನೀರು ಹೋದ ಮ್ಯಾಲೆ 24 ತಾಸು ಟೈಮ್ ಇರತೈತಿ. ಈಗ ಹೋದ್ರ ನೋವು ಬರಸೋ ಡ್ರಿಪ್ ಹಚ್ಚತಾರ. ಬಿಸಿನೀರ ಸ್ನಾನ ಮಾಡಿ ಮಲ್ಕೋರಿ" ಅಂದರು. ಫೋನ್ ಸ್ಪೀಕರಿನಲ್ಲಿತ್ತು. ಅವ್ವ ಆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅಣ್ಣನನ್ನು ಎಬ್ಬಿಸಿದಳು. "ಇದು ಹಸರ ಐತಿ. ಮೊದಲ ಗಾಡಿ ತಗಿ."

ನೀರು ಹಸಿರಾಗಿದ್ದರೆ ಮಗು ಹೊಟ್ಟೆಯೊಳಗೇ ಮೊದಲ ಮಲ ಮಾಡಿದೆ ಅಂತ. ಎಲ್ಲಾ ಮಕ್ಕಳಿಗೂ ಅದರಿಂದ ತೊಂದರೆ ಆಗಲ್ಲ. ಆದರೆ ಅದನ್ನು ಉಸಿರಿನ ಜೊತೆ ಎಳೆದುಕೊಂಡರೆ ಪುಪ್ಪುಸಕ್ಕೆ ಅಪಾಯ. ಅದಕ್ಕೇ ತಕ್ಷಣ ಆಸ್ಪತ್ರೆಗೆ ಹೋಗಿ ಹೃದಯ ಬಡಿತ ನೋಡುತ್ತಿರಬೇಕು. ಫೋಟೋದಲ್ಲಿ ಬಣ್ಣ ಸ್ಪಷ್ಟವಾಗಿತ್ತು. ಆದರೂ ಮಲಗಿಕೊಳ್ಳಿ ಅಂದರು. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಸ್ಪತ್ರೆಯಲ್ಲಿ ಗೊತ್ತಾಗಿದ್ದು ಇನ್ನೊಂದು. ಅಲ್ಲಿ ಲೇಬರ್ ರೂಮಿಗೆ ಬಿಡುವುದು ಒಬ್ಬರನ್ನೇ, ಅದೂ ಮನೆಯ ಹೆಂಗಸರನ್ನು. ಹೊರಗಿನ ಡೌಲಾಗೆ ಅವಕಾಶವೇ ಇಲ್ಲ. ಮೊದಲಿನಿಂದಲೂ ಇರಲಿಲ್ಲವಂತೆ. ಮಧ್ಯಾಹ್ನದ ಹೊತ್ತಿಗೆ ಡೌಲಾ ತಮ್ಮ ಬದಲಿಗೆ ಒಬ್ಬ ಹುಡುಗಿಯನ್ನು ಕಳಿಸಿದ್ದರು. ನಾವು ಯಾವತ್ತೂ ಅವಳ ಮುಖ ನೋಡಿಲ್ಲ. ಗೇಟಿನಲ್ಲೇ ನಿಂತು ವಾಪಸ್ ಹೋದಳಂತೆ.

ಒಳಗೆ ಬಂದವರು ನಮ್ಮ ವೈನಿ, ಅಂದರೆ ಅತ್ತಿಗೆ. ಎರಡು ಹೆರಿಗೆ ಕಂಡವರು. ನೋವು ಬಂದಾಗಲೆಲ್ಲಾ ಮುಷ್ಟಿ ಕಟ್ಟಿ ಸೊಂಟದ ಕೆಳಗೆ ಗಟ್ಟಿಯಾಗಿ ಒತ್ತುತ್ತಿದ್ದರು, ನೋವು ಇಳಿದ ಮೇಲೆ ಒಂದೊಂದು ಗುಟುಕು ನೀರು. "ಇದು ಹೋತು ನೋಡವಾ, ಮತ್ತ ಬರಂಗಿಲ್ಲ ಇದು" ಅಂತ ಪ್ರತಿ ನೋವಿಗೂ ಹೇಳುತ್ತಿದ್ದರು. ಅದೊಂದು ಮಾತು ನನ್ನನ್ನು ಹಿಡಿದಿಟ್ಟಿತು. ಕೊನೆಗೆ ಮಗುವಿನ ಬಡಿತ ಇಳಿಯತೊಡಗಿ ಸಿಜೇರಿಯನ್ ಮಾಡಬೇಕಾಯಿತು. ಮಗುವನ್ನು ಸ್ವಲ್ಪ ದಿನ ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಟ್ಟಿದ್ದರು. ಈಗ ಚೆನ್ನಾಗಿದೆ.

ಅಡ್ವಾನ್ಸ್ ವಾಪಸ್ ಕೇಳಿದರೆ, "ಮೆಸೇಜಿನ್ಯಾಗ ಇಷ್ಟ ದಿನ ಹೇಳಿಕೊಟ್ಟೀನಲ್ರಿ, ಅದಕ್ಕ ಸರಿ ಹೋತು" ಅಂದರು. ಆಮೇಲೆ ನಂಬರ್ ಬ್ಲಾಕ್.

ಆದ್ದರಿಂದ ಡೌಲಾ ಬೇಕೇ ಬೇಕು ಅನ್ನುವವರು ಮೊದಲು ಆಸ್ಪತ್ರೆಗೆ ಹೋಗಿ. ಹೊರಗಿನವರನ್ನು ಲೇಬರ್ ರೂಮಿಗೆ ಬಿಡುತ್ತೀರಾ ಅಂತ ಡಾಕ್ಟರನ್ನೇ ಕೇಳಿ, ರಿಸೆಪ್ಷನ್ ಮಾತು ನಂಬಬೇಡಿ. ಖಾಸಗಿ ಆಸ್ಪತ್ರೆಗಳಲ್ಲಿ ಒಂದೊಂದರ ನಿಯಮ ಒಂದೊಂದು ಥರ. ಆಮೇಲೆ ಡೌಲಾನ ಕರೆದುಕೊಂಡು ಹೋಗಿ ಡಾಕ್ಟರಿಗೆ ಭೇಟಿ ಮಾಡಿಸಿ. ಬರಲು ಒಪ್ಪದವರು ನಿಮಗೆ ಬೇಡ. ಅದೇ ವಾರದಲ್ಲಿ ಇನ್ನೆಷ್ಟು ಹೆರಿಗೆ ಒಪ್ಪಿಕೊಂಡಿದ್ದಾರೆ, ಅವರಿಗೆ ಬರಲಾಗದಿದ್ದರೆ ಬರುವವರು ಯಾರು, ಆಗ ದುಡ್ಡು ಎಷ್ಟು ವಾಪಸ್, ಇದೆಲ್ಲಾ ಬರವಣಿಗೆಯಲ್ಲಿ ಇರಲಿ.

ಮನೆಯಲ್ಲಿ ನಮ್ಮ ವೈನಿಯಂಥವರು ಇದ್ದರೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿಗೆ ಜೊತೆಗಾರ್ತಿಯನ್ನು ಬಿಡಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಹೆರಿಗೆಯ ಅನುಭವ ಇರುವ ಸಂಬಂಧಿಕ ಹೆಂಗಸು, ಅಂಟುರೋಗ ಇರಬಾರದು, ಸ್ವಚ್ಛ ಬಟ್ಟೆ ಹಾಕಿರಬೇಕು, ಕೊನೆ ತನಕ ಇರಬೇಕು, ಸಿಬ್ಬಂದಿ ಕೆಲಸಕ್ಕೆ ಅಡ್ಡ ಬರಬಾರದು. ಹುಬ್ಬಳ್ಳಿ ಕಿಮ್ಸ್ ಇರಲಿ, ಗದಗ, ಹಾವೇರಿ ಜಿಲ್ಲಾ ಆಸ್ಪತ್ರೆ ಇರಲಿ, ಚೆಕಪ್‌ಗೆ ಹೋದಾಗಲೇ ಇದನ್ನು ಕೇಳಿಟ್ಟುಕೊಳ್ಳಿ. ಯಾರು ಒಳಗೆ ಬರುತ್ತಾರೋ ಅವರನ್ನು ಕೊನೆಯ ಒಂದೆರಡು ಚೆಕಪ್‌ಗೆ ಜೊತೆಗೆ ಕರೆದುಕೊಂಡು ಹೋಗಿ.

ನೀರು ಹಸಿರಾಗಿ ಅಥವಾ ಕಂದಾಗಿ ಹೋದರೆ, ರಕ್ತ ಹೋದರೆ, ಮಗುವಿನ ಓಡಾಟ ಕಡಿಮೆ ಅನಿಸಿದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಡೌಲಾಗೆ ಮೆಸೇಜ್ ಹಾಕುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108.

ಈಗಾಗಲೇ ದುಡ್ಡು ಕಳೆದುಕೊಂಡವರು ಚಾಟ್ ಅಳಿಸಬೇಡಿ, ಯುಪಿಐ ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ನಾನು 1915ಕ್ಕೆ ದೂರು ಕೊಟ್ಟಾಗಿದೆ. ಆಯೋಗಕ್ಕೆ ಹಾಕಲು ಆ ಮೆಸೇಜುಗಳನ್ನೆಲ್ಲಾ ತಾರೀಖಿನ ಪ್ರಕಾರ ಪ್ರಿಂಟ್ ತೆಗೆಸುತ್ತಿದ್ದೇನೆ.